ಸ್ವೆಟರ್ ಚೀಲ ಮತ್ತು ಆರು ತಿಂಗಳ ಮಾತ್ರೆ

ಹಿರಿಯರೇ, ನರ್ಸಿಂಗ್ ಕಾಲೇಜಿನ ವಿದ್ಯಾರ್ಥಿ ಮಿತ್ರರೇ,

ನಿರಾಶ್ರಿತರ ಚಿಕಿತ್ಸೆಯ ಬಗ್ಗೆ ಮಾತನಾಡಿ ಎಂದಿರಿ. ಅದಕ್ಕಾಗಿ ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ಮೈಸೂರಿನಿಂದ ಮಡಿಕೇರಿ ಬಸ್ಸು ಹತ್ತಿದರೆ ಕುಶಾಲನಗರಕ್ಕಿಂತ ಮೊದಲೇ ಟಿಬೆಟನ್ ನಿರಾಶ್ರಿತರ ನೆಲೆ ಬೈಲಕುಪ್ಪೆ ಸಿಗುತ್ತದೆ. ನಮ್ಮಲ್ಲಿ ಬಹಳ ಮಂದಿ ಅಲ್ಲಿಗೆ ಹೋಗಿರುವುದು ಹೊನ್ನಿನ ಬಣ್ಣದ ಬುದ್ಧನನ್ನು ನೋಡಲು. ದೇವಸ್ಥಾನದ ಹಿಂದಿನ ಕ್ಯಾಂಪುಗಳಲ್ಲಿ ಯಾರು ಕೆಮ್ಮುತ್ತಿದ್ದಾರೆ ಎಂದು ನೋಡಿದವರು ಕಡಿಮೆ.

1959ರಲ್ಲಿ ದಲೈ ಲಾಮಾ ಅವರು ಟಿಬೆಟ್‌ನಿಂದ ಭಾರತಕ್ಕೆ ಬಂದರು. ಅವರ ಬೆನ್ನಿಗೇ ಬಂದ ಸಾವಿರಾರು ಜನ ಹಿಮಾಲಯದ ರಸ್ತೆಗಳಲ್ಲಿ ಕಲ್ಲು ಒಡೆದರು. 1960ರಲ್ಲಿ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡು ಕೊಟ್ಟಿತು. 1966ರಲ್ಲಿ ಮುಂಡಗೋಡಿನಲ್ಲೂ ನೆಲೆ ಸಿಕ್ಕಿತು. ಹಿಮದ ಗಾಳಿಯಲ್ಲಿ ಬೆಳೆದವರು ಇಲ್ಲಿನ ಸೆಕೆಯಲ್ಲಿ ಮರ ಕಡಿದು ನೆಲ ಹದ ಮಾಡಿದರು, ಸೋತು ಕಾಯಿಲೆ ಬಿದ್ದರು. ಇಕ್ಕಟ್ಟಾದ ಮನೆಗಳಲ್ಲಿ, ಆಮೇಲೆ ಮಠಗಳ ತುಂಬಿದ ವಸತಿ ಕೊಠಡಿಗಳಲ್ಲಿ ಕ್ಷಯ ಬೇರುಬಿಟ್ಟಿತು.

1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೆ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಸ್ಪಷ್ಟವಾಗಿ ಹೇಳಿತು: ಪ್ರಜೆಯಾಗಿರಲಿ, ಆಗದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವ ಕಾಯುವ ಹೊಣೆ ರಾಜ್ಯದ್ದು. ಟಿಬಿ ಮಾತ್ರೆಯಂತೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹಾಗಾದರೆ ತೊಡಕು ಎಲ್ಲಿದೆ?

ನಾನು ಒಂದು ಸರ್ಕಾರಿ ಆಸ್ಪತ್ರೆಯ ಕ್ಷಯ ವಿಭಾಗದಲ್ಲಿದ್ದಾಗ, ಒಂದು ಸೆಪ್ಟೆಂಬರ್‌ನಲ್ಲಿ, ಐವತ್ತರ ಆಸುಪಾಸಿನ ಟಿಬೆಟನ್ ಹೆಂಗಸೊಬ್ಬರು ಬಂದರು. ಮೈಮೇಲೆ ಚುಪಾ ಎಂಬ ಉದ್ದನೆಯ ಟಿಬೆಟನ್ ನಿಲುವಂಗಿ, ಸೊಂಟಕ್ಕೆ ಪಟ್ಟೆಪಟ್ಟೆಯ ಮುಂಬಟ್ಟೆ, ಜೊತೆಗೆ ಹನ್ನೆರಡು ವರ್ಷದ ಮಗ. ಕನ್ನಡ ಬರುತ್ತಿದ್ದುದು ಅವನಿಗೆ ಮಾತ್ರ. ಕಫದಲ್ಲಿ ರಕ್ತ ಬರುತ್ತದೆಯೇ ಎಂದು ಡಾಕ್ಟರು ಕೇಳಿದರು. ಹುಡುಗ ತಾಯಿಯನ್ನು ಕೇಳಿ, "ಇಲ್ಲವಂತೆ" ಎಂದ. ಮರುದಿನ ಟಿಬೆಟನ್ ನರ್ಸ್ ಒಬ್ಬರು ಬಾಗಿಲು ಮುಚ್ಚಿ ಅದೇ ಪ್ರಶ್ನೆ ಕೇಳಿದಾಗ ಆಕೆ ಮೂರು ಬೆರಳು ತೋರಿಸಿದರು. ಮೂರು ವಾರದಿಂದ ರಕ್ತ ಬೀಳುತ್ತಿತ್ತು. ಯಾವ ತಾಯಿ ಅದನ್ನು ಮಗನ ಬಾಯಿಂದ ಹೇಳಿಸುತ್ತಾಳೆ? ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡಬೇಡಿ ಎಂದು ನಾನು ಅಂದಿನಿಂದ ಬೇಡಿಕೊಳ್ಳುತ್ತಲೇ ಇದ್ದೇನೆ.

ಕಫ ಪರೀಕ್ಷೆಯಾಯಿತು, ಮಾತ್ರೆ ಶುರುವಾಯಿತು. ಆರು ತಿಂಗಳು ಬಿಡದೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತಿತು. ನವೆಂಬರ್‌ನಲ್ಲಿ ಆಕೆ ಬರಲಿಲ್ಲ. ನಮ್ಮ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ 'ಡಿಫಾಲ್ಟರ್' ಎಂದು ಬಿತ್ತು. ಸಾಲ ತೀರಿಸದೆ ತಲೆ ತಪ್ಪಿಸಿಕೊಂಡವರಿಗೆ ಹೇಳುವ ಮಾತು ಅದು. ಆಕೆ ಎಲ್ಲಿಗೂ ಓಡಿಹೋಗಿರಲಿಲ್ಲ. ಚಳಿಗಾಲ ಬಂತೆಂದರೆ ಕ್ಯಾಂಪಿನ ಎಷ್ಟೋ ಕುಟುಂಬಗಳು ಸ್ವೆಟರ್ ಚೀಲ ಹೊತ್ತು ಊರೂರಿಗೆ ಹೋಗುತ್ತವೆ. ಆ ಎರಡು ಮೂರು ತಿಂಗಳ ವ್ಯಾಪಾರವೇ ಅವರಿಗೆ ವರ್ಷದ ಅನ್ನ. ಆಕೆ ಬೇರೊಂದು ರಾಜ್ಯದ ಬೀದಿ ಬದಿಯ ಅಂಗಡಿಯಲ್ಲಿ ಕುಳಿತಿದ್ದರು. ಆ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಅದೇ ಮಾತ್ರೆ, ಅದೂ ಉಚಿತವಾಗಿ, ಸಿಗುತ್ತಿತ್ತು. ಅದನ್ನು ನಾವು ಅವರಿಗೆ ಹೇಳಿರಲಿಲ್ಲ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿಯೂ ಇರಲಿಲ್ಲ.

ಫೆಬ್ರುವರಿಯಲ್ಲಿ ತಿರುಗಿ ಬಂದಾಗ ಮೊದಲಿನ ಮಾತ್ರೆಗಳು ಕೆಲಸ ಮಾಡುತ್ತಿರಲಿಲ್ಲ. ನಡುವೆ ಮಾತ್ರೆ ನಿಂತದ್ದರಿಂದ ಔಷಧಕ್ಕೆ ಬಗ್ಗದ ಕ್ಷಯವಾಗಿತ್ತು. ಆಗ ಅದರ ಚಿಕಿತ್ಸೆ ಎಂದರೆ ಎರಡು ವರ್ಷ, ಅದರಲ್ಲಿ ತಿಂಗಳುಗಟ್ಟಲೆ ಚುಚ್ಚುಮದ್ದು. ಆ ಮದ್ದಿಗೆ ಕಿವಿ ಕೆಡಿಸುವ ಗುಣವಿತ್ತು. ಆಕೆ ಬದುಕಿದರು. ಆದರೆ ಈಗ ಮಗ ಹತ್ತಿರ ಬಂದು ಗಟ್ಟಿಯಾಗಿ ಕೂಗಿದರೆ ಮಾತ್ರ ಕೇಳಿಸುತ್ತದೆ.

ಟಿಬೆಟನ್ನರು ಕೈಕಟ್ಟಿ ಕುಳಿತಿಲ್ಲ. 2012ರಲ್ಲಿ ತಮ್ಮದೇ ವೈದ್ಯಕೀಯ ವಿಮೆ ಆರಂಭಿಸಿದರು. ಧರ್ಮಶಾಲೆಯ ಡೆಲೆಕ್ ಆಸ್ಪತ್ರೆಯವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆಗೂಡಿ ಶಾಲೆಗಳಿಗೂ ಮಠಗಳಿಗೂ ತಾವೇ ಹೋಗಿ ಮಕ್ಕಳನ್ನು ತಪಾಸಣೆ ಮಾಡಿದರು, ಸೋಂಕು ಅಡಗಿರುವವರಿಗೆ ಮುಂಜಾಗ್ರತೆಯ ಮಾತ್ರೆ ಕೊಟ್ಟರು. ನಾಡಿ ಹಿಡಿದು ನೋಡುವ ಆಮ್ಚಿಯ, ಅಂದರೆ ಟಿಬೆಟನ್ ಪಾರಂಪರಿಕ ವೈದ್ಯರ, ಬಳಿಗೆ ಮೊದಲು ಹೋದ ರೋಗಿಯನ್ನು ದಯವಿಟ್ಟು ಗದರಬೇಡಿ. ಅವರ ಸೋವಾ ರಿಗ್ಪಾ ವೈದ್ಯಕ್ಕೆ 2010ರಲ್ಲೇ ನಮ್ಮ ಸರ್ಕಾರದ ಮನ್ನಣೆ ಸಿಕ್ಕಿದೆ. ಕ್ಷಯದ ರೋಗಿಯನ್ನು ಕಫ ಪರೀಕ್ಷೆಗೆ ಕಳುಹಿಸಲು ಆಮ್ಚಿಗಿಂತ ಒಳ್ಳೆಯ ಜೊತೆಗಾರರು ನಿಮಗೆ ಸಿಗುವುದಿಲ್ಲ.

ಇಂದು ರೋಗಿಯ ವಿವರ 'ನಿಕ್ಷಯ್' ಎಂಬ ಸರ್ಕಾರಿ ಆನ್‌ಲೈನ್ ಜಾಲದಲ್ಲಿರುತ್ತದೆ, ಒಂದೂರಿನಿಂದ ಇನ್ನೊಂದೂರಿಗೆ ವರ್ಗಾಯಿಸಬಹುದು. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಬ್ಯಾಂಕ್ ಖಾತೆ ಇಲ್ಲದವರಿಗೆ ಖಾತೆ ಮಾಡಿಸಲು ಜೊತೆಗೆ ಹೋಗಿ.

ನಾಳೆ ನೀವು ವಾರ್ಡಿನಲ್ಲಿ ನಿಂತು ಚಿಕಿತ್ಸಾ ಕಾರ್ಡು ತುಂಬುವಾಗ ವಿಳಾಸದ ಕೆಳಗೆ ಇನ್ನೊಂದು ಸಾಲು ಬರೆದುಕೊಳ್ಳಿ: ನವೆಂಬರ್‌ನಲ್ಲಿ ಎಲ್ಲಿರುತ್ತೀರಿ? ಊರಿನ ಹೆಸರು ಹೇಳಿದ ಕೂಡಲೇ, ಅವರು ಅಲ್ಲೇ ಕುಳಿತಿರುವಾಗಲೇ, ಆ ಊರಿನ ಕ್ಷಯ ಕೇಂದ್ರಕ್ಕೆ ಫೋನ್ ಮಾಡಿ.