ಕೋ ಫಙನ್‌ನಲ್ಲಿ ಎರಡು ಹುಣ್ಣಿಮೆ

ಈಗ ನಿಮಗೆ ಕಾಣುತ್ತಿರುವ ಹಸಿರು ಬೆಟ್ಟ ಥಾಯ್ಲೆಂಡ್ ಕೊಲ್ಲಿಯಲ್ಲಿರುವ ಕೋ ಫಙನ್ ದ್ವೀಪದ್ದು. ಇಲ್ಲಿ ವಿಮಾನ ನಿಲ್ದಾಣವಿಲ್ಲ. ಅವಸರವಿರುವವರು ಪಕ್ಕದ ಕೋ ಸಮುಯಿ ದ್ವೀಪಕ್ಕೆ ವಿಮಾನದಲ್ಲಿ ಬಂದು, ಅಲ್ಲಿಂದ ವೇಗದ ದೋಣಿಯಲ್ಲಿ ಅರ್ಧ ಗಂಟೆಯಲ್ಲಿ ಇಲ್ಲಿಗೆ ತಲುಪುತ್ತಾರೆ. ನಾನು ಬ್ಯಾಂಕಾಕ್‌ನಿಂದ ರಾತ್ರಿ ರೈಲು ಹಿಡಿದು ಸುರತ್ ಥಾನಿಗೆ ಬಂದು, ಬಸ್ಸಿನಲ್ಲಿ ಡೋನ್ ಸಕ್ ಬಂದರಿಗೆ ಹೋಗಿ, ಅಲ್ಲಿಂದ ಎರಡೂವರೆ ಗಂಟೆಯ ಫೆರಿ ಪ್ರಯಾಣ ಮಾಡುವ ಉದ್ದದ ದಾರಿಯನ್ನೇ ಆರಿಸಿಕೊಂಡೆ. ದ್ವೀಪವನ್ನು ಹೀಗೆ ನಿಧಾನವಾಗಿ ಸಮೀಪಿಸಿದರೆ ಅದರ ನಡುವಿನ ಎತ್ತರ ಕಣ್ಣಿಗೆ ತುಂಬುತ್ತದೆ. ಖಾವ್ ರಾ ಎಂಬ ಶಿಖರ 600 ಮೀಟರಿಗೂ ಮಿಗಿಲಾಗಿದೆ, ಅದರ ಸುತ್ತ ದಟ್ಟವಾದ ಕಾಡಿದೆ, ಊರುಗಳೆಲ್ಲ ಅಂಚಿಗೆ ಸರಿದು ಕುಳಿತಿವೆ. ಇಲ್ಲಿನ ಗದ್ದಲ ಮತ್ತು ಮೌನ ಒಂದರ ಕಾಲನ್ನು ಇನ್ನೊಂದು ತುಳಿಯದಂತೆ ನೋಡಿಕೊಂಡಿರುವುದು ಈ ಬೆಟ್ಟವೇ ಎಂದು ಐದು ದಿನ ಸುತ್ತಿದ ಮೇಲೆ ನನಗನ್ನಿಸಿತು.

ಹೆಸರಿನ ಬಗ್ಗೆ ಒಂದು ಮಾತು. ಕೋ ಎಂದರೆ ದ್ವೀಪ. ಮುಂದಿನ ಪದವನ್ನು ಎಲ್ಲರೂ ಫಂಗನ್ ಎನ್ನುತ್ತಾರಾದರೂ, ಫೆರಿಯಲ್ಲಿ ನನ್ನ ಪಕ್ಕದಲ್ಲಿದ್ದ ಹೆಂಗಸು ಅದನ್ನು ಹೇಳಿದಾಗ ಕೇಳಿಸಿದ್ದು ನಮ್ಮ ವರ್ಣಮಾಲೆಯಲ್ಲಿ ಒಮ್ಮೆ ಕಲಿತು ಮತ್ತೆಂದೂ ಬಳಸದ ಆ ಙ ಅಕ್ಷರ. ಫಲ ಎನ್ನುವಾಗಿನ ಫ, ಅದರ ಹಿಂದೆಯೇ ಙ. ದಕ್ಷಿಣ ಥಾಯ್ಲೆಂಡಿನ ಆಡುಮಾತಿನಲ್ಲಿ ಙನ್ ಎಂದರೆ ಮರಳ ದಿಬ್ಬ, ದ್ವೀಪಕ್ಕೆ ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ. ಒಂದನೇ ತರಗತಿಯಲ್ಲಿ ತಿದ್ದಿದ ಅಕ್ಷರ ಕೆಲಸಕ್ಕೆ ಬರುವುದಕ್ಕೆ ಇಷ್ಟು ದೂರ ಬರಬೇಕಾಯಿತು.

ಇದು ಥೊಂಗ್ ಸಲಾ, ದ್ವೀಪದ ಮುಖ್ಯ ಪೇಟೆ ಮತ್ತು ಬಂದರು. ಫೆರಿಗಳು, ಬ್ಯಾಂಕುಗಳು, ಔಷಧಿ ಅಂಗಡಿಗಳು, ಸಂಜೆಯ ತಿಂಡಿ ಮಾರುಕಟ್ಟೆ ಎಲ್ಲವೂ ಇಲ್ಲಿವೆ. ಹಿಂಬದಿಯಲ್ಲಿ ಎದುರುಬದುರು ಎರಡು ಬೆಂಚುಗಳಿರುವ ಈ ಪಿಕಪ್ ವಾಹನದ ಹೆಸರು ಸೋಂಗ್‌ತೇವ್, ಅಂದರೆ ಎರಡು ಸಾಲು. ಬಾಡಿಗೆಗೆ ಸ್ಕೂಟರ್ ಕೂಡ ಸಿಗುತ್ತದೆ. ಆದರೆ ಅದಕ್ಕೆ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಬೇಕು, ಬೆಟ್ಟದ ರಸ್ತೆಗಳ ಕಡಿದಾದ ಇಳಿಜಾರು ಅಭ್ಯಾಸವಿರಬೇಕು. ಮೊಣಕಾಲಿಗೆ ಬಿಳಿ ಪಟ್ಟಿ ಸುತ್ತಿಕೊಂಡ ಪ್ರವಾಸಿಗರು ಪೇಟೆಯ ತುಂಬ ಕಾಣಸಿಗುವುದರಿಂದ, ನಾನು ಆ ಎರಡು ಸಾಲಿನ ವಾಹನಕ್ಕೇ ನನ್ನನ್ನು ಒಪ್ಪಿಸಿಕೊಂಡೆ.

ನಾನು ಬಂದದ್ದು ಇಲ್ಲಿನ ಹೆಸರುವಾಸಿ ಹುಣ್ಣಿಮೆಯ ಪಾರ್ಟಿಯನ್ನು ನೋಡಲು ಎಂಬುದನ್ನು ಮುಚ್ಚಿಡುವುದಿಲ್ಲ. ಪಂಚಾಂಗ ನೋಡಿ, ಹುಣ್ಣಿಮೆಯ ದಿನವೇ ಬಂದಿಳಿಯುವಂತೆ ಟಿಕೆಟ್ ಮಾಡಿಸಿದ್ದೆ. ವಸತಿಗೃಹದ ಮೇಜಿನ ಹಿಂದಿದ್ದ ಹುಡುಗಿ ನಕ್ಕು, ಪಾರ್ಟಿ ನಾಳೆ ಎಂದಳು. ಹುಣ್ಣಿಮೆಯ ಪಾರ್ಟಿ ಹುಣ್ಣಿಮೆಯಂದು ಇಲ್ಲದಿರುವುದು ಹೇಗೆ ಎಂದು ಕೇಳಿದೆ. ಇವತ್ತು ಮಾಖಾ ಬೂಚಾ ಎಂದಷ್ಟೇ ಹೇಳಿ ಅವಳು ಬೀಗದಕೈ ಕೊಟ್ಟಳು.

ಆ ಹೆಸರನ್ನು ಎರಡು ಸಲ ಹೇಳಿಕೊಂಡ ಮೇಲೆ ಅದು ಬಿಚ್ಚಿಕೊಂಡಿತು. ಮಾಖಾ ಎಂದರೆ ಮಾಘ, ಬೂಚಾ ಎಂದರೆ ಪೂಜೆ. ಬುದ್ಧನ ಮುಂದೆ 1,250 ಮಂದಿ ಭಿಕ್ಷುಗಳು ಯಾರೂ ಕರೆಯದೆ ತಾವಾಗಿಯೇ ಬಂದು ಸೇರಿದ ದಿನವನ್ನು ಥಾಯ್ ಬೌದ್ಧರು ಈ ಹುಣ್ಣಿಮೆಯಂದು ನೆನೆಯುತ್ತಾರೆ. ವಿಸಾಖಾ ಬೂಚಾ ನಮ್ಮ ವೈಶಾಖದ ಹುಣ್ಣಿಮೆ, ಆಸಾನ್ಹಾ ಬೂಚಾ ನಮ್ಮ ಆಷಾಢದ್ದು. ಈ ಹಬ್ಬಗಳಂದು ಮದ್ಯ ಮಾರಾಟಕ್ಕೆ ದೇಶದಲ್ಲಿ ಬಹುಕಾಲದಿಂದ ನಿರ್ಬಂಧವಿರುವ ಕಾರಣ, ಹುಣ್ಣಿಮೆಯೂ ಹಬ್ಬವೂ ಒಂದೇ ದಿನ ಬಿದ್ದಾಗ ಕಡಲತೀರದ ಕುಣಿತವೇ ದಿನ ಬದಲಿಸಿಕೊಳ್ಳುತ್ತದೆ. ಚಂದ್ರನ ಮೇಲೆ ಮೊದಲ ಹಕ್ಕು ದೇವಾಲಯದ್ದು.

ಹಾಗಾಗಿ ನನ್ನ ನಿಜವಾದ ಹುಣ್ಣಿಮೆ ಕಳೆದದ್ದು ಪೇಟೆಯ ಸಮೀಪದ ಒಂದು ಬೌದ್ಧ ದೇವಾಲಯದ ಅಂಗಳದಲ್ಲಿ. ಕತ್ತಲಾದ ಮೇಲೆ ಊರಿನವರು ಮನೆಮಂದಿಯೊಂದಿಗೆ ಬಂದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಮೇಣದಬತ್ತಿ, ಊದುಬತ್ತಿ ಮತ್ತು ಹೂವಿತ್ತು. ಭಿಕ್ಷುಗಳು ಮುಂದೆ ನಡೆದರು, ಉಳಿದವರು ಹಿಂದೆ ಸಾಲಾಗಿ ದೇವಾಲಯಕ್ಕೆ ಮೂರು ಬಾರಿ ಪ್ರದಕ್ಷಿಣೆ ಬಂದರು. ಇದನ್ನು ವಿಯೆನ್ ತಿಯೆನ್ ಎನ್ನುತ್ತಾರೆ. ನಾನು ದೂರದಲ್ಲಿ ನಿಂತು ಚಿತ್ರೀಕರಿಸುತ್ತಿದ್ದಾಗ ಅಜ್ಜಿಯೊಬ್ಬರು ಹತ್ತಿರ ಬಂದು, ಏನೂ ಹೇಳದೆ, ಹೆಚ್ಚಿಗೆ ತಂದಿದ್ದ ಒಂದು ಮೇಣದಬತ್ತಿಯನ್ನು ನನ್ನ ಕೈಗೆ ಕೊಟ್ಟರು. ಒಂದು ಕೈಯಲ್ಲಿ ಬತ್ತಿ, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದು ಗಾಳಿಯನ್ನು ತಡೆಯಲಾಗದು. ಅದಕ್ಕಾಗಿಯೇ ಈ ಭಾಗದಲ್ಲಿ ನಿಮಗೆ ತೋರಿಸಲು ನನ್ನ ಬಳಿ ಇರುವುದು ಇಷ್ಟೇ ಕೆಲವು ಕ್ಷಣಗಳು.

ಮರುದಿನ ಸಂಜೆ ಹಾಡ್ ರಿನ್‌ಗೆ ಹೊರಟೆ. ಹಾಡ್ ಎಂದರೆ ಕಡಲತೀರ. ದ್ವೀಪದ ಆಗ್ನೇಯ ಮೂಲೆಯಲ್ಲಿ ನೆಲ ಕಿರಿದಾಗಿ ಸಮುದ್ರದೊಳಕ್ಕೆ ಚಾಚಿಕೊಂಡಿದ್ದು, ಅದರ ಎರಡೂ ಬದಿಗೆ ಮರಳಿದೆ. ಪಶ್ಚಿಮದ್ದು ಹಾಡ್ ರಿನ್ ನೈ, ಪೂರ್ವದ್ದು ಹಾಡ್ ರಿನ್ ನೋಕ್. ಒಂದರಿಂದ ಇನ್ನೊಂದಕ್ಕೆ ಕೆಲವೇ ನಿಮಿಷಗಳ ನಡಿಗೆ. ಪಾರ್ಟಿಗೆ ಈ ಜಾಗವೇ ಏಕೆ ಒದಗಿತು ಎಂಬುದನ್ನು ಇಲ್ಲಿ ನಿಂತರೆ ಯಾರೂ ವಿವರಿಸಬೇಕಿಲ್ಲ. ಹುಣ್ಣಿಮೆಯ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ. ಪಶ್ಚಿಮದ ತೀರದಲ್ಲಿ ಸೂರ್ಯನನ್ನು ಬೀಳ್ಕೊಟ್ಟು, ಪೂರ್ವದ ತೀರಕ್ಕೆ ನಡೆದುಬಂದರೆ ಸಮುದ್ರದಿಂದ ಚಂದ್ರ ಮೇಲೇಳುತ್ತಿರುತ್ತಾನೆ, ರಾತ್ರಿಯೆಲ್ಲ ಅಲ್ಲೇ ಕುಣಿದವರಿಗೆ ಬೆಳಿಗ್ಗೆ ಅದೇ ನೀರಿನಿಂದ ಸೂರ್ಯ ಏಳುತ್ತಾನೆ. ನಾನು ಹೋದದ್ದು ಒಂದು ದಿನ ತಡವಾಗಿಯಾದ್ದರಿಂದ ಚಂದ್ರನೂ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚೇ ತಡಮಾಡಿದ. ಅಷ್ಟು ಹೊತ್ತಿಗೆ ಅವನನ್ನು ಕಾಯುವ ತಾಳ್ಮೆ ಅಲ್ಲಿ ಯಾರಿಗೂ ಉಳಿದಿರಲಿಲ್ಲ.

ಈ ಆಚರಣೆ 1980ರ ದಶಕದಲ್ಲಿ ಆರಂಭವಾಯಿತು. ಮರದ ಗುಡಿಸಲುಗಳಲ್ಲಿ ತಂಗಿದ್ದ ಇಪ್ಪತ್ತು ಮೂವತ್ತು ಪ್ರವಾಸಿಗರು ಸೇರಿ ಮಾಡಿದ ಒಂದು ಸಣ್ಣ ಕೂಟ ಅದಾಗಿತ್ತು, ಯಾರ ಸಲುವಾಗಿ, ಯಾವ ವರ್ಷ ಎಂಬುದಕ್ಕೆ ಹೇಳುವವರಷ್ಟೇ ಕಥೆಗಳಿವೆ. ಈಗ ಒಳ್ಳೆಯ ಋತುವಿನಲ್ಲಿ ಒಂದೇ ರಾತ್ರಿ 10,000ಕ್ಕೂ ಹೆಚ್ಚು ಜನ ಸೇರುತ್ತಾರೆ. ಮೈಮೇಲೆ ಹೊಳೆಯುವ ಬಣ್ಣ ಬಳಿದುಕೊಂಡವರು, ಮಕ್ಕಳು ಮರಳಾಟಕ್ಕೆ ಬಳಸುವಂಥ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮದ್ಯ ಕಲಸಿ ನಾಲ್ಕಾರು ಕೊಳವೆ ಸಿಕ್ಕಿಸಿ ಹೀರುವವರು, ಬೆಂಕಿ ಹಚ್ಚಿದ ಹಗ್ಗವನ್ನು ಹಾರಲು ಹೋಗಿ ಕಾಲು ಸುಟ್ಟುಕೊಳ್ಳುವವರು, ಇವರೆಲ್ಲರನ್ನೂ ನೀವು ಇಲ್ಲಿ ನೋಡುತ್ತಿದ್ದೀರಿ. ಹತ್ತು ಹೆಜ್ಜೆಗೊಂದು ಧ್ವನಿವರ್ಧಕ, ಒಂದೊಂದರದೂ ಬೇರೆ ಸಂಗೀತ. ಎರಡರ ನಡುವೆ ನಿಂತವನಿಗೆ ಯಾವುದೂ ಕೇಳಿಸುವುದಿಲ್ಲ. ಮೊದಲ ಎರಡು ಗಂಟೆ ನನಗೂ ಖುಷಿಯಾಯಿತು, ಅಪರಿಚಿತರ ಜೊತೆ ಕುಣಿದೆ. ನಡುರಾತ್ರಿಯ ನಂತರ ಮರಳಿನಲ್ಲಿ ಗಾಜಿನ ಚೂರುಗಳನ್ನು ತಪ್ಪಿಸಿಕೊಂಡು ನಡೆಯುವುದೇ ಒಂದು ಕೆಲಸವಾಯಿತು. ಇಲ್ಲಿ ಚಪ್ಪಲಿ ಬಿಡಬೇಡಿ, ಕುಡಿದು ನೀರಿಗಿಳಿಯಬೇಡಿ. ಆ ರಾತ್ರಿ ನೀರಿನ ಅಂಚಿನಲ್ಲಿ ಮಲಗಿದ್ದವರನ್ನು ಎಬ್ಬಿಸಿ ಮೇಲಕ್ಕೆ ಕಳಿಸುತ್ತಿದ್ದ ಕಾವಲುಗಾರರನ್ನು ನೋಡಿದ ಮೇಲೆ ಈ ಮಾತನ್ನು ಹೇಳದಿರಲಾರೆ.

ಬೆಳಗಿನ ಜಾವ ಅಲ್ಲಿಂದಲೇ ಒಂದು ಉದ್ದಬಾಲದ ದೋಣಿ ಹತ್ತಿದೆ. ಪೂರ್ವ ತೀರದಲ್ಲಿ ಬಂಡೆಗಳನ್ನು ಬಳಸಿ ಸ್ವಲ್ಪ ಮೇಲಕ್ಕೆ ಹೋದರೆ ಹಾಡ್ ಯುವಾನ್ ಮತ್ತು ಹಾಡ್ ತಿಯೆನ್ ಎಂಬ ಎರಡು ಪುಟ್ಟ ತೀರಗಳಿವೆ. ರಸ್ತೆ ಸರಿಯಿಲ್ಲದ ಕಾರಣ ಜನ ಹೆಚ್ಚಾಗಿ ದೋಣಿಯಲ್ಲೇ ಇಲ್ಲಿಗೆ ಬರುತ್ತಾರೆ, ಉಪವಾಸ ಮಾಡಲು, ಯೋಗ ಮಾಡಲು, ಸುಮ್ಮನಿರಲು. ದೋಣಿಯ ಎಂಜಿನ್ ನಿಂತಾಗ ಕಿವಿಯಲ್ಲಿ ಇನ್ನೂ ಹಿಂದಿನ ರಾತ್ರಿಯ ಢಂ ಢಂ ಉಳಿದಿತ್ತು. ಅದು ಗುಡ್ಡದ ಆಚೆಯಿಂದ ಬರುತ್ತಿದೆಯೇ, ನನ್ನ ತಲೆಯೊಳಗಿದೆಯೇ ಎಂದು ತಿಳಿಯಲು ಬಹಳ ಹೊತ್ತು ಬೇಕಾಯಿತು.

ಪಶ್ಚಿಮ ತೀರದ ಶ್ರೀಥನು ಯೋಗಶಾಲೆಗಳ ಊರು. ಪ್ರಾಣಾಯಾಮ, ಧ್ಯಾನ, ಶಬ್ದಚಿಕಿತ್ಸೆ, ಮೌನಶಿಬಿರ ಎಂದು ಬೀದಿಯ ಕಂಬಗಳಿಗೆಲ್ಲ ಭಿತ್ತಿಪತ್ರ ಅಂಟಿಸಿದ್ದಾರೆ. ಮೌನಕ್ಕೂ ಇಷ್ಟು ಜಾಹೀರಾತು ಬೇಕೇ ಎಂದು ನನ್ನೊಳಗಿನ ಕೊಂಕು ಕೇಳಿತು. ತಮಾಷೆಯೆಂದರೆ, ಇಲ್ಲಿನ ಝೆನ್ ಬೀಚ್‌ನಲ್ಲಿ ಸಂಜೆಯಾಗುತ್ತಲೇ ಜನ ಸೇರಿ ಸೂರ್ಯ ಮುಳುಗುವವರೆಗೆ ಡೋಲು ಬಾರಿಸುತ್ತಾರೆ. ದಕ್ಷಿಣದ ಬಾನ್ ತಾಯ್‌ನಲ್ಲೂ ಹೀಗೆಯೇ: ಗುಡ್ಡದ ಮೇಲೆ ಧ್ಯಾನಕ್ಕೆ ಹೆಸರಾದ ವಾಟ್ ಖಾವ್ ಥಾಮ್ ದೇವಾಲಯವಿದ್ದರೆ, ಅದೇ ಊರಿನ ಕಾಡಿನಲ್ಲಿ ಹುಣ್ಣಿಮೆಗೆ ಒಂದು ವಾರ ಮುಂಚೆ ಮತ್ತು ಒಂದು ವಾರ ನಂತರ ಅರ್ಧಚಂದ್ರನ ಪಾರ್ಟಿ ನಡೆಯುತ್ತದೆ.

ನನಗೆ ಬೇಕಿದ್ದ ಮೌನ ಸಿಕ್ಕಿದ್ದು ಯಾವ ಶಿಬಿರದಲ್ಲೂ ಅಲ್ಲ, ಥಾನ್ ಸದೆತ್ ಎಂಬ ತೊರೆಯ ಬದಿಯಲ್ಲಿ. ಥಾನ್ ಎಂಬುದು ಸಂಸ್ಕೃತದ ಧಾರಾ, ಸದೆತ್ ಎಂದರೆ ರಾಜರ ಆಗಮನ. 19ನೆಯ ಶತಮಾನದ ಕೊನೆಯಿಂದ ರಾಜ ಐದನೆಯ ರಾಮ, ಅಂದರೆ ಚುಲಾಲೊಂಗ್‌ಕೋರ್ನ್, ಇಲ್ಲಿಗೆ ಮತ್ತೆ ಮತ್ತೆ ಬಂದದ್ದಕ್ಕೆ ಸಾಕ್ಷಿಯಾಗಿ ಅವರ ಹೆಸರಿನ ಮೊದಲಕ್ಷರಗಳು ಬಂಡೆಗಳಲ್ಲಿ ಕೆತ್ತಿವೆ. ಈ ಕೊಲ್ಲಿಯಲ್ಲಿ ಜೋರು ಮಳೆ ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ; ಮಾಘದ ಹೊತ್ತಿಗೆ ತೊರೆ ಬಡವಾಗಿತ್ತು. ಕಲ್ಲಿನಿಂದ ಕಲ್ಲಿಗೆ ಇಳಿಯುವ ಆ ತೆಳು ನೀರಿನ ಪಕ್ಕ ಮಧ್ಯಾಹ್ನವೆಲ್ಲ ಕುಳಿತಿದ್ದೆ. ಅಲ್ಲಿನ ದೃಶ್ಯಕ್ಕೆ ನಾನು ಸಂಗೀತ ಸೇರಿಸಿಲ್ಲ.

ಕೊನೆಯ ದಿನ ವಾಯವ್ಯದ ಮೇ ಹಾಡ್ ತೀರಕ್ಕೆ ಬಂದೆ. ಎದುರಿಗೆ ಕಾಣುವುದು ಕೋ ಮಾ ಎಂಬ ಪುಟ್ಟ ದ್ವೀಪ. ಸಮುದ್ರ ಇಳಿದಾಗ ಎರಡರ ನಡುವೆ ಮರಳಿನ ದಾರಿಯೊಂದು ಮೇಲೆದ್ದು ಬರುತ್ತದೆ. ಫೆರಿಯಲ್ಲಿ ಕೇಳಿದ್ದ ಙನ್ ಎಂಬ ಪದ ಈಗ ನನ್ನ ಕಾಲಡಿಯಲ್ಲಿತ್ತು. ಅರ್ಧ ದಾರಿ ನಡೆದು ಹಿಂತಿರುಗಿ ನೋಡಿದರೆ ಇಡೀ ದ್ವೀಪದ ಬೆಟ್ಟ ಒಂದೇ ನೋಟಕ್ಕೆ ಸಿಕ್ಕಿತು, ಹಾಡ್ ರಿನ್ ಅದರ ಆಚೆ ಎಲ್ಲೋ ಅಡಗಿತ್ತು. ಅಷ್ಟರಲ್ಲಿ ಎರಡೂ ಬದಿಯಿಂದ ನೀರು ಏರತೊಡಗಿ ಮೊಣಕಾಲನ್ನು ಮುಟ್ಟಿತು, ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡೆ. ಆದ್ದರಿಂದ ಈ ದೃಶ್ಯ ಇಲ್ಲಿಗೇ ನಿಲ್ಲುತ್ತದೆ.