ಚೀಟಿ ಇಲ್ಲದ ಅಮೋನೈಟ್ ಬರೀ ಕಲ್ಲು!

ನಮಸ್ಕಾರ. ಅಮೋನೈಟ್ ಅಂದರೆ ಎಂದೋ ಅಳಿದುಹೋದ ಸಮುದ್ರಜೀವಿಯ ಸುರುಳಿ ಚಿಪ್ಪಿನ ಪಳೆಯುಳಿಕೆ. ಕಳೆದ ವಿಡಿಯೋಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಗುರೂ, ಅಮೋನೈಟ್ ತೋರ್ಸು ಅಂದ್ರೆ ಪಕ್ಕದ ಚೀಟಿ ತೋರ್ಸ್ತೀಯಲ್ಲ!" ಹೌದು ಸ್ವಾಮಿ, ಚೀಟಿಯನ್ನೇ ತೋರಿಸುತ್ತೇನೆ. ಎಲ್ಲಿ ಸಿಕ್ಕಿತು, ಬಂಡೆಯ ಯಾವ ಪದರದಲ್ಲಿ ಸಿಕ್ಕಿತು? ಈ ಎರಡು ಸಾಲು ಇಲ್ಲದಿದ್ದರೆ ಅದು ಪೇಪರ್‌ವೇಟ್.

ಮೊದಲಿಗೆ, ಇದು ಬಸವನಹುಳು ಅಲ್ಲ. ಆಕ್ಟೋಪಸ್, ಸ್ಕ್ವಿಡ್‌ಗಳ ನೆಂಟ. ಚಿಪ್ಪಿನೊಳಗೆ ಸಾಲು ಕೋಣೆಗಳು, ಪ್ರಾಣಿ ಇದ್ದದ್ದು ಕಟ್ಟಕಡೆಯದರಲ್ಲಿ ಮಾತ್ರ. ಇಗೋ, ಕ್ಯಾಮೆರಾ ಹತ್ತಿರ ತರುತ್ತೇನೆ. ಮೇಲಿನ ಚಿಪ್ಪು ಉದುರಿದ ಕಡೆ ಜರೀಗಿಡದ ಎಲೆಯ ಅಂಚಿನಂಥ ಗೆರೆ ಕಾಣುತ್ತಿದೆಯಾ? ಕೋಣೆಯ ಗೋಡೆ ಚಿಪ್ಪಿಗೆ ಕೂಡಿದ್ದ ಜಾಗ ಅದು. (ಕಂಡರೆ ಲೈಕ್ ಒತ್ತಿ. ಕಾಣದಿದ್ದರೂ ಒತ್ತಿ.)

ಅಮೋನೈಟ್‌ಗಳು ಬೇಗ ಬೇಗ ಬದಲಾದವು, ಸಮುದ್ರಗಳಲ್ಲಿ ದೂರದೂರಕ್ಕೆ ಹರಡಿದವು. ಅದಕ್ಕೇ ಜರ್ಮನಿಯ ಪಳೆಯುಳಿಕೆ ತಜ್ಞ ಆಲ್ಬರ್ಟ್ ಓಪೆಲ್ 1850ರ ದಶಕದಲ್ಲಿ ಇವನ್ನೇ ಹಿಡಿದು ಜುರಾಸಿಕ್ ಕಾಲದ ಬಂಡೆಗಳನ್ನು ವಲಯಗಳಾಗಿ, ಅಂದರೆ ಒಂದೊಂದು ಕಾಲಾವಧಿಯ ಪದರಗಳಾಗಿ, ವಿಂಗಡಿಸಿದ. ಯಾವುದು ಯಾವ ಪದರದ್ದು ಅಂತ ಗೊತ್ತಿದ್ದರಿಂದ ತಾನೇ? ಅಂದರೆ ಏನು? ಚೀಟಿ!

"ಪುಸ್ತಕ ನೋಡಿ ಹೆಸರು ಹುಡುಕಬಹುದಲ್ಲ" ಅಂತಾರೆ. ಹುಡುಕಿ, ಹುಡುಕಿ. ಬೇರೆ ಬೇರೆ ಕಾಲದ, ಬೇರೆ ಬೇರೆ ವಂಶದ ಅಮೋನೈಟ್‌ಗಳು ಒಂದೇ ಆಕಾರ ತಾಳಿವೆ. ಕಣ್ಣಳತೆಯಲ್ಲೇ ಗುರುತಿಸುವ ಪಂಡಿತರಿಗೆ ಒಂದು ದೊಡ್ಡ ನಮಸ್ಕಾರ.

"ನೋಡೋಕೆ ಚಂದ ಇದ್ರೆ ಸಾಕು" ಅನ್ನುವವರೂ ಇದ್ದಾರೆ. ಇಂಗ್ಲೆಂಡಿನ ವಿಟ್‌ಬಿಯಲ್ಲಿ ಇವು ಸಂತ ಹಿಲ್ಡಾ ಕಲ್ಲಾಗಿಸಿದ ಹಾವುಗಳು ಅಂತ ಕಥೆ ಇತ್ತು. ಹಾವಿಗೆ ತಲೆಯೇ ಇಲ್ಲವಲ್ಲ? ಅಮೋನೈಟ್ ಮೇಲೆ ತಲೆ ಕೆತ್ತಿ ಮಾರಿದರು! ಅದೂ ಚಂದವೇ ಇತ್ತು.

ಸರಿ, ಒಪ್ಪಿಕೊಳ್ಳುತ್ತೇನೆ. ನನ್ನ ಮೊದಲ ಅಮೋನೈಟನ್ನು ಚೀಟಿ ಸಮೇತ ಬಕೆಟ್ ನೀರಲ್ಲಿ ತೊಳೆದವನು ನಾನೇ. ಶಾಯಿ ಹೋಯಿತು, ಊರೂ ಹೋಯಿತು. ಎಂಥ ಸುರುಳಿ ಗೊತ್ತಾ? ಈಗ ಬಾಗಿಲು ಬಡಿಯದ ಹಾಗೆ ತಡೆದು ಕೂತಿದೆ. ದಿನಾ ಕಾಲಿಗೆ ತಾಗುತ್ತದೆ, ದಿನಾ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೇಳುತ್ತಿರುವುದು, ಚೀಟಿ ಬರೆಯಿರಿ. ಸಿಕ್ಕಿದ ದಿನವೇ ಬರೆಯಿರಿ. ಪೆನ್ಸಿಲ್‌ನಲ್ಲಿ ಬರೆಯಿರಿ. "ನೆನಪಿರುತ್ತೆ ಬಿಡಿ" ಅನ್ನಬೇಡಿ, ಇರಲ್ಲ! ಯಾಕೆ ಅಂತ ಮತ್ತೆ ಕೇಳಬೇಡಿ, ಬರೆಯಿರಿ ಅಂದರೆ ಬರೆಯಿರಿ ಅಷ್ಟೇ. ಮುಂದಿನ ವಾರ ನನ್ನ ಚೀಟಿಗಳ ಡಬ್ಬಿ ತೋರಿಸುತ್ತೇನೆ, ಪೂರ್ತಿ ನಲವತ್ತು ನಿಮಿಷ. ಸಬ್‌ಸ್ಕ್ರೈಬ್ ಆಗಿ. ಆ ಕಾಮೆಂಟ್ ಹಾಕಿದವರೂ ಬರಬೇಕು, ಪೆನ್ಸಿಲ್ ಹಿಡಿದುಕೊಂಡು.