ಇಪ್ಪತ್ತು ಟ್ರಿಲಿಯನ್ ಘನ ಅಡಿ ಎಲ್ಲಿ ಹೋಯ್ತು?

2005ರ ಜೂನ್ ತಿಂಗಳು. ಗುಜರಾತ್ ಸರ್ಕಾರದ್ದೇ ಕಂಪನಿ ಜಿಎಸ್‌ಪಿಸಿ ಆಂಧ್ರದ ಕಡಲಲ್ಲಿ ಗ್ಯಾಸ್ ಕಂಡುಹಿಡಿದಿದೆ, 20 ಟ್ರಿಲಿಯನ್ ಘನ ಅಡಿ ಇದೆ ಅಂತ ಆಗ ಅಲ್ಲಿ ಮುಖ್ಯಮಂತ್ರಿ ಆಗಿದ್ದ ನರೇಂದ್ರ ಮೋದಿ ಘೋಷಣೆ ಮಾಡಿದ್ರು. ಬೆಲೆ ಕಟ್ಟಿದ್ರೆ ಎರಡು ಲಕ್ಷ ಕೋಟಿ ರೂಪಾಯಿ ದಾಟುತ್ತೆ ಅನ್ನೋ ಲೆಕ್ಕವೂ ಬಂತು. ಆ ನಿಕ್ಷೇಪಕ್ಕೆ ದೀನ್ ದಯಾಳ್ ಅಂತ ಹೆಸರಿಟ್ರು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತೀವಲ್ಲ, ಇಲ್ಲಿ ನಾಮಕರಣವೂ ಮುಗಿದಿತ್ತು.

ಹನ್ನೆರಡು ವರ್ಷ ಆದ ಮೇಲೆ, 2017ರಲ್ಲಿ, ಅದೇ ನಿಕ್ಷೇಪದ 80 ಪರ್ಸೆಂಟ್ ಪಾಲನ್ನ ಕೇಂದ್ರದ ಓಎನ್‌ಜಿಸಿ ಸುಮಾರು 7,738 ಕೋಟಿ ರೂಪಾಯಿಗೆ ತಗೊಳ್ತು. ಅಷ್ಟರಲ್ಲಿ ಜಿಎಸ್‌ಪಿಸಿ ಸಾಲ 19 ಸಾವಿರ ಕೋಟಿ ದಾಟಿತ್ತು. ಗ್ಯಾಸ್? ಪ್ರಾಯೋಗಿಕವಾಗಿ ಒಂದಿಷ್ಟು ಬಂತು, ಅಷ್ಟೇ.

ಇದನ್ನ ಒಂದು ಪಕ್ಷದ ತಲೆಗೆ ಕಟ್ಟಿ ಎದ್ದು ಹೋಗೋ ಹಾಗಿಲ್ಲ. ಅದೇ ಕೃಷ್ಣಾ-ಗೋದಾವರಿ ಕಡಲಲ್ಲಿ, ಯುಪಿಎ ಕಾಲದಲ್ಲಿ, ಖಾಸಗಿ ಕಂಪನಿ ಕೈಯಲ್ಲೂ ಹೆಚ್ಚು ಕಡಿಮೆ ಇದೇ ನಡೀತು. ನನ್ನ ತಕರಾರು ಇಷ್ಟೇ. ನೆಲದಡಿ ಗ್ಯಾಸ್ ಸಿಗೋದು ಬೇರೆ, ಅದನ್ನ ಮೇಲಕ್ಕೆ ತರೋದು ಬೇರೆ. ನಡುವೆ ಹತ್ತು ಹದಿನೈದು ವರ್ಷದ ಕೆಲಸ ಇರುತ್ತೆ. ಆ ಕೆಲಸ ಅರ್ಧ ಆಗೋಕೆ ಮುಂಚೆ ಹೊರಬಿದ್ದ ಅಂಕಿಯನ್ನ ಸರ್ಕಾರ, ಬ್ಯಾಂಕು, ಟಿವಿ ಎಲ್ಲರೂ ಜೇಬಿಗೆ ಬಂದ ದುಡ್ಡು ಅಂತಲೇ ಎಣಿಸಿಬಿಟ್ರು.

ಸ್ವಲ್ಪ ನೆಲದ ವಿಷಯ ಹೇಳಿಬಿಡ್ತೀನಿ. ಕೋಟಿಗಟ್ಟಲೆ ವರ್ಷದ ಹಿಂದೆ ಭಾರತ ಅಂಟಾರ್ಕ್ಟಿಕಾದಿಂದ ಬೇರೆ ಆದಾಗ ಪೂರ್ವ ಕರಾವಳಿಯಲ್ಲಿ ನೆಲ ಸೀಳಿ ತಗ್ಗು ಬಿತ್ತು. ಆ ತಗ್ಗಿಗೆ ನದಿಗಳು ಹೂಳು ತಂದು ಸುರೀತಾ ಹೋದ್ವು. ಈಗ ಕೆಲವು ಕಡೆ ಅದರ ದಪ್ಪ ಐದು ಕಿಲೋಮೀಟರ್ ಮೀರುತ್ತೆ. ಕೃಷ್ಣೆಯ ಜಲಾನಯನ ಪ್ರದೇಶದಲ್ಲಿ ದೊಡ್ಡ ಪಾಲು ಕರ್ನಾಟಕದ್ದೇ, ಹಾಗಾಗಿ ಭೀಮೆ, ತುಂಗಭದ್ರೆ, ಮಲಪ್ರಭೆ ತೊಳೆದುಕೊಂಡು ಹೋದ ನಮ್ಮ ಮಣ್ಣೂ ಆ ಹೂಳಲ್ಲಿದೆ. ಅದಕ್ಕೆ ರಾಯಲ್ಟಿ ಕೇಳೋ ಹಾಗಿಲ್ಲ ಬಿಡಿ.

ಇಲ್ಲಿ ಹುಡುಕಾಟ ಶುರು ಮಾಡಿದ್ದು ಓಎನ್‌ಜಿಸಿ. 1970ರ ದಶಕದ ಕೊನೆಗೆ ಆಂಧ್ರದ ನರಸಾಪುರದ ಹತ್ತಿರ ನೆಲದ ಮೇಲೆ ಆಳದ ಬಾವಿ ಕೊರೆದ್ರು, ಆಮೇಲೆ ಕಡಲಿಗೆ ಇಳಿದ್ರು. 1987ರಲ್ಲಿ ತೀರಕ್ಕೆ ಹತ್ತಿರ, ಕಡಿಮೆ ನೀರಿನಲ್ಲಿ, ರವ್ವಾ ನಿಕ್ಷೇಪ ಸಿಕ್ತು. ಸದ್ದಿಲ್ಲದೆ ದಶಕಗಳ ಕಾಲ ಎಣ್ಣೆ ಕೊಟ್ಟ ಜಾಗ ಅದು. ಅದರ ಬಗ್ಗೆ ಒಂದು ಟಿವಿ ಚರ್ಚೆಯನ್ನೂ ನಾನಂತೂ ನೋಡಿಲ್ಲ.

ನಮ್ಮ ದೇಶಕ್ಕೆ ಕಡಲ ಎಣ್ಣೆಯ ರುಚಿ ಹತ್ತಿಸಿದ್ದು ಬಾಂಬೆ ಹೈ. 1974ರ ಫೆಬ್ರವರಿಯಲ್ಲಿ ಸಾಗರ್ ಸಮ್ರಾಟ್ ರಿಗ್ ಅಲ್ಲಿ ಎಣ್ಣೆ ಮುಟ್ತು, 1976ರ ಮೇ ತಿಂಗಳಿಗೆ ಉತ್ಪಾದನೆ ಶುರು. ಎರಡೇ ವರ್ಷ! ಅಲ್ಲಿ ನೀರಿನ ಆಳ 75 ಮೀಟರ್ ಆಸುಪಾಸು, ಕೆಳಗೆ ವಿಶಾಲವಾಗಿ ಹರಡಿದ ಸುಣ್ಣಕಲ್ಲು. ಆ ಗೆಲುವು ನಮಗೆ ತಪ್ಪು ಪಾಠ ಹೇಳಿಕೊಡ್ತು ಅನ್ನೋದು ನನ್ನ ಅನಿಸಿಕೆ. ಸಿಕ್ಕಿತು ಅಂದ್ರೆ ಬಂದೇ ಬರುತ್ತೆ, ಅದೂ ಬೇಗ ಬರುತ್ತೆ ಅನ್ನೋ ನಂಬಿಕೆ ಆಗಲೇ ಬೇರೂರಿದ್ದು.

ಈಗ ಮೊದಲು ಹೇಳಿದ ಆ ಖಾಸಗಿ ಕಂಪನಿಗೆ, ಅಂದ್ರೆ ರಿಲಯನ್ಸ್‌ನ ಡಿ6 ಬ್ಲಾಕಿಗೆ ಬರೋಣ. ಬ್ಲಾಕು ಅಂದ್ರೆ ಹುಡುಕಾಟಕ್ಕೆ ಅಂತ ಗುರುತು ಹಾಕಿ ಕೊಟ್ಟ ಕಡಲ ತುಂಡು. 1999ರಲ್ಲಿ ಹೊಸ ಪರವಾನಗಿ ನೀತಿ ಜಾರಿಗೆ ಬಂತು, ಎನ್‌ಇಎಲ್‌ಪಿ ಅಂತ. ಮೊದಲ ಸುತ್ತಿನಲ್ಲೇ ಕಾಕಿನಾಡದ ಆಚೆಯ ಆಳ ಕಡಲಿನ ಈ ಬ್ಲಾಕು ರಿಲಯನ್ಸ್‌ಗೂ ಕೆನಡಾದ ನಿಕೋ ಕಂಪನಿಗೂ ಸಿಕ್ತು. 2002ರ ಅಕ್ಟೋಬರ್‌ನಲ್ಲಿ ಗ್ಯಾಸ್. ಆ ವರ್ಷ ಜಗತ್ತಿನಲ್ಲೇ ಸಿಕ್ಕಿದ ಅತಿ ದೊಡ್ಡ ನಿಕ್ಷೇಪ ಅಂತ ಸುದ್ದಿ. 2004ರ ಯೋಜನೆಯಲ್ಲಿ ದಿನಕ್ಕೆ 4 ಕೋಟಿ ಘನ ಮೀಟರ್ ತೆಗೀತೀವಿ, ಖರ್ಚು 240 ಕೋಟಿ ಡಾಲರ್ ಅಂದಿದ್ರು. 2006ಕ್ಕೆ ಅದು ದಿನಕ್ಕೆ 8 ಕೋಟಿ ಘನ ಮೀಟರ್ ಆಯ್ತು, ಖರ್ಚು 880 ಕೋಟಿ ಡಾಲರ್ ಆಯ್ತು. ಗ್ಯಾಸ್ ದುಪ್ಪಟ್ಟು, ಖರ್ಚು ಮೂರೂವರೆ ಪಟ್ಟಿಗೂ ಜಾಸ್ತಿ. ಸರ್ಕಾರ ಎರಡಕ್ಕೂ ಸಹಿ ಹಾಕ್ತು.

ಕೆಲಸ ಮಾತ್ರ ನಿಜಕ್ಕೂ ದೊಡ್ಡದು, ಅದನ್ನ ಒಪ್ಪಲೇಬೇಕು. ಬಾವಿಗಳ ಬಾಯಿ ಇರೋದು ಕಡಲ ತಳದಲ್ಲಿ, ಮನುಷ್ಯ ಇಳಿಯೋಕಾಗದ ಆಳದಲ್ಲಿ. ಅಲ್ಲಿಂದ ಪೈಪಿನಲ್ಲಿ ಗಾಡಿಮೊಗದ ಟರ್ಮಿನಲ್‌ಗೆ, ಅಲ್ಲಿಂದ ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರ ದಾಟಿ ಗುಜರಾತಿನ ಭರೂಚ್ ತನಕ ಸಾವಿರದ ಮುನ್ನೂರು ಚಿಲ್ಲರೆ ಕಿಲೋಮೀಟರ್ ಕೊಳವೆ. 2009ರ ಏಪ್ರಿಲ್‌ನಲ್ಲಿ ಗ್ಯಾಸ್ ಹರೀತು. 2010ರಲ್ಲಿ ದಿನಕ್ಕೆ 6 ಕೋಟಿ ಘನ ಮೀಟರ್ ಮುಟ್ಟಿತು.

ಅಲ್ಲಿಂದ ಇಳಿಮುಖ. ಡಿ1, ಡಿ3 ಅನ್ನೋ ಮುಖ್ಯ ನಿಕ್ಷೇಪಗಳಲ್ಲಿ ಗ್ಯಾಸ್ ಇದ್ದದ್ದು ಕಡಲ ತಳದಲ್ಲಿ ಹಳೇ ಕಾಲುವೆಗಳು ಬಿಟ್ಟು ಹೋದ ಮರಳಿನಲ್ಲಿ. ಒಂದು ಮರಳಿನ ಪಟ್ಟಿಗೂ ಪಕ್ಕದ್ದಕ್ಕೂ ಸಂಪರ್ಕ ಇದೆಯೋ ಇಲ್ಲವೋ ಅನ್ನೋದು ನೆಲದೊಳಕ್ಕೆ ಅಲೆ ಕಳಿಸಿ ಮಾಡೋ ಭೂಕಂಪನ ಸಮೀಕ್ಷೆಯ ಚಿತ್ರದಲ್ಲಿ ಖಚಿತವಾಗಿ ಕಾಣಲ್ಲ. ಬಾವಿ ಹರಿಸಿ, ಒತ್ತಡ ಎಷ್ಟು ಬೇಗ ಬೀಳುತ್ತೆ ಅಂತ ತಿಂಗಳುಗಟ್ಟಲೆ ನೋಡಿದ ಮೇಲೇ ಗೊತ್ತಾಗೋದು. ಇಲ್ಲಿ ಒತ್ತಡ ಬಿತ್ತು, ಬಾವಿಗಳಿಗೆ ನೀರು ನುಗ್ತು, ಮರಳು ನುಗ್ತು. 2012ರಲ್ಲಿ ಪಾಲುದಾರ ನಿಕೋ ಕಂಪನಿಯೇ ತನ್ನ ಅಂದಾಜನ್ನ 9.65 ಟ್ರಿಲಿಯನ್ ಘನ ಅಡಿಯಿಂದ 1.93ಕ್ಕೆ ಇಳಿಸ್ತು. 2020ರ ಫೆಬ್ರವರಿಯಲ್ಲಿ ಡಿ1, ಡಿ3 ಬಂದ್.

ಜಗಳ ಶುರುವಾಗಿದ್ದು ಇಲ್ಲೇ. ಒಪ್ಪಿಕೊಂಡಷ್ಟು ಬಾವಿ ಕೊರೆದಿಲ್ಲ, 22 ಕೊರೆದು 18ರಲ್ಲಿ ಮಾತ್ರ ಗ್ಯಾಸ್ ತೆಗೆದ್ರು ಅಂತ ಸರ್ಕಾರದ ವಾದ. ನೆಲವೇ ಕೈಕೊಟ್ಟಿದೆ, ಇನ್ನಷ್ಟು ಕೊರೆದಿದ್ರೂ ಪ್ರಯೋಜನ ಇರಲಿಲ್ಲ ಅಂತ ರಿಲಯನ್ಸ್ ವಾದ. ಬೆಲೆ ಏರಲಿ ಅಂತ ಬಚ್ಚಿಟ್ಟಿದ್ದಾರೆ ಅಂತ ಬೀದಿಯ ಮಾತು. ಒಪ್ಪಂದದ ರಚನೆಯೇ ಅನುಮಾನಕ್ಕೆ ದಾರಿ ಮಾಡಿತ್ತು. ಕಂಪನಿ ಮೊದಲು ತನ್ನ ಖರ್ಚು ವಾಪಸ್ ತಗೊಳ್ಳುತ್ತೆ, ಉಳಿದ ಲಾಭದಲ್ಲಿ ಸರ್ಕಾರಕ್ಕೆ ಪಾಲು. ಹಾಕಿದ ಬಂಡವಾಳದ ಎಷ್ಟು ಪಟ್ಟು ವಾಪಸ್ ಬಂತು ಅನ್ನೋದರ ಮೇಲೆ ಆ ಪಾಲು ಏರುತ್ತೆ. ಅಂದ್ರೆ ಖರ್ಚು ದೊಡ್ಡದಾದಷ್ಟೂ ಸರ್ಕಾರದ ದೊಡ್ಡ ಪಾಲು ಮುಂದಕ್ಕೆ ಹೋಗುತ್ತೆ. 2011ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ ವರದಿ ಕೈ ಇಟ್ಟಿದ್ದು ಈ ನರಕ್ಕೇ. 2016ರಲ್ಲಿ ಈ ಪದ್ಧತಿಯನ್ನೇ ಬಿಟ್ಟು, ಆದಾಯದಲ್ಲಿ ನೇರ ಪಾಲು ತಗೊಳ್ಳೋ ನೀತಿಗೆ ಸರ್ಕಾರ ಬಂತು.

ಬೆಲೆಯ ಕಥೆ ಅಂದ್ರೆ ಅಣ್ಣ-ತಮ್ಮನ ಕಥೆ, ಮುಕೇಶ್ ಮತ್ತು ಅನಿಲ್ ಅಂಬಾನಿಯವರದ್ದು. ಆಸ್ತಿ ಪಾಲಾದಾಗ ಒಪ್ಪಿದ ದರ ಗ್ಯಾಸ್ ಅಳೆಯೋ ಒಂದು ಯೂನಿಟ್‌ಗೆ (ಎಂಎಂಬಿಟಿಯು) 2.34 ಡಾಲರ್, ಸರ್ಕಾರ 2007ರಲ್ಲಿ ಒಪ್ಪಿದ್ದು 4.20. ಮನೆಯ ಒಪ್ಪಂದಕ್ಕಿಂತ ಸರ್ಕಾರದ ನೀತಿಯೇ ಮೇಲು ಅಂತ 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. ನಮ್ಮ ವೀರಪ್ಪ ಮೊಯ್ಲಿಯವರು ಪೆಟ್ರೋಲಿಯಂ ಮಂತ್ರಿ ಆಗಿದ್ದಾಗ, 2013ರಲ್ಲಿ, ಅದನ್ನ 8.4 ಡಾಲರ್ ಆಸುಪಾಸಿಗೆ ಒಯ್ಯೋ ಸೂತ್ರಕ್ಕೆ ಸಂಪುಟ ಒಪ್ಪಿಗೆ ಕೊಡ್ತು. ಚುನಾವಣೆ ಬಂತು, ಜಾರಿ ಆಗಲಿಲ್ಲ.

ಈ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದೆ ಹೋದದ್ದು ವಿದ್ಯುತ್ ಸ್ಥಾವರಗಳು. ದಿನಕ್ಕೆ 8 ಕೋಟಿ ಘನ ಮೀಟರ್ ಬರುತ್ತೆ ಅಂತ ನಂಬಿ, ಬ್ಯಾಂಕ್ ಸಾಲ ತಂದು, ಅದರಲ್ಲೂ ಆಂಧ್ರದಲ್ಲಿ, ಗ್ಯಾಸ್ ಸ್ಥಾವರ ಕಟ್ಟಿದ್ರು. 2015ರ ಹೊತ್ತಿಗೆ ದೇಶದಲ್ಲಿ 14 ಸಾವಿರ ಮೆಗಾವಾಟ್‌ಗೂ ಹೆಚ್ಚು ಸಾಮರ್ಥ್ಯ ಗ್ಯಾಸ್ ಇಲ್ಲದೆ ಸುಮ್ಮನೆ ನಿಂತಿತ್ತು. ಅಂಕಿ ಘೋಷಿಸಿದವರ ತಲೆ ಮೇಲೆ ಆ ಸಾಲ ಬರಲಿಲ್ಲ.

ದೀನ್ ದಯಾಳ್ ಕಥೆಯಲ್ಲಿ ನೆಲ ಇನ್ನೂ ಗಡುಸು. ಸುಮಾರು ಐದು ಕಿಲೋಮೀಟರ್ ಆಳ, ವಿಪರೀತ ಒತ್ತಡ, ವಿಪರೀತ ಬಿಸಿ, ಬಂಡೆಯಲ್ಲಿ ರಂಧ್ರಗಳೇ ಬಿಗಿ. ಗ್ಯಾಸ್ ಇದ್ರೂ ಬಾವಿಗೆ ಹರಿದು ಬರಲ್ಲ, ಬಂಡೆ ಸೀಳಬೇಕು. ಮುಂದೆ ಒಪ್ಪಿಗೆ ಸಿಕ್ಕಿದ ಯೋಜನೆಯಲ್ಲಿ ಇದ್ದದ್ದು ಘೋಷಣೆಯ ಹತ್ತನೇ ಒಂದು ಪಾಲಿನ ಆಸುಪಾಸು.

ಹಾಗಂತ ಈ ಕಡಲಲ್ಲಿ ಏನೂ ಇಲ್ಲ ಅಂತ ಹೇಳಿದ್ರೆ ಅದೂ ಸುಳ್ಳು. 2011ರಲ್ಲಿ ಬ್ರಿಟನ್ನಿನ ಬಿಪಿ ಕಂಪನಿ ಡಿ6ಗೆ ಪಾಲುದಾರ ಆಗಿ ಬಂತು. ಅದೇ ಬ್ಲಾಕಿನಲ್ಲಿ 2020ರ ಡಿಸೆಂಬರ್‌ನಲ್ಲಿ ಆರ್ ಕ್ಲಸ್ಟರ್, 2021ರಲ್ಲಿ ಸ್ಯಾಟಲೈಟ್ ಕ್ಲಸ್ಟರ್, 2023ರಲ್ಲಿ ಎಂಜೆ ನಿಕ್ಷೇಪ ಒಂದೊಂದಾಗಿ ಶುರುವಾದ್ವು. ಪಕ್ಕದ ಬ್ಲಾಕಿನಲ್ಲಿ ಓಎನ್‌ಜಿಸಿ 2024ರ ಜನವರಿಯಲ್ಲಿ ಎಣ್ಣೆ ತೆಗೀತು. ಇವತ್ತು ದೇಶದಲ್ಲಿ ತೆಗೆಯೋ ಗ್ಯಾಸಿನಲ್ಲಿ ದೊಡ್ಡ ಪಾಲು ಈ ಕಡಲಿನದೇ. ಡಿ6 ಮೊದಲ ಸುತ್ತಿನ ಆ ಅಬ್ಬರ ಇವಕ್ಕೆ ಇರಲಿಲ್ಲ. ತಡ ಆದ್ವು, ಆದ್ರೆ ಬಂದ್ವು.

ನಾರ್ವೆಯಲ್ಲಿ ಕಡಲ ಬಾವಿಯ ಮೂಲ ದತ್ತಾಂಶ ಎರಡು ವರ್ಷ ಆದ ಮೇಲೆ ಸಾರ್ವಜನಿಕ ಆಗುತ್ತೆ. ಪ್ರತಿಸ್ಪರ್ಧಿ ಕಂಪನಿ ನೋಡಬಹುದು, ವಿಶ್ವವಿದ್ಯಾಲಯ ನೋಡಬಹುದು, ಸಾಲ ಕೊಡೋ ಬ್ಯಾಂಕಿನ ತಜ್ಞ ನೋಡಬಹುದು. ನಮ್ಮಲ್ಲೂ 2017ರಿಂದ ಇಂಥ ದತ್ತಾಂಶ ಕೂಡಿಡೋ ನ್ಯಾಷನಲ್ ಡೇಟಾ ರೆಪಾಸಿಟರಿ ಅಂತ ಒಂದಿದೆ. ಡಿ6 ಬಾವಿಗಳ ಒತ್ತಡದ ಲೆಕ್ಕ 2010ರಲ್ಲೇ ಹೊರಗಿನವರ ಕೈಗೆ ಸಿಕ್ಕಿದ್ರೆ, ನೆಲ ಕೈಕೊಟ್ಟಿದ್ದೋ, ಕಂಪನಿ ಕೈಕಟ್ಟಿ ಕೂತಿದ್ದೋ ಅನ್ನೋ ವಾದ ಇಷ್ಟು ವರ್ಷ ಎಳೀತಿರಲಿಲ್ಲ.

ಈಗ ಅಂಡಮಾನ್. 2025ರಲ್ಲಿ ಪೆಟ್ರೋಲಿಯಂ ಮಂತ್ರಿ ಹರ್ದೀಪ್ ಸಿಂಗ್ ಪುರಿ ಅಲ್ಲಿ ದಕ್ಷಿಣ ಅಮೆರಿಕದ ಗಯಾನಾದಲ್ಲಿ ಸಿಕ್ಕಿದಷ್ಟು ದೊಡ್ಡ ನಿಕ್ಷೇಪ ಸಿಗಬಹುದು ಅಂದ್ರು. ಸೆಪ್ಟೆಂಬರ್‌ನಲ್ಲಿ ಆಯಿಲ್ ಇಂಡಿಯಾದ ವಿಜಯಪುರಂ-2 ಬಾವಿಯಲ್ಲಿ ಗ್ಯಾಸ್ ಕಂಡಿತು ಅನ್ನೋ ಸುದ್ದಿಯೂ ಬಂತು. ಸಂತೋಷ. ಮುಂದಿನ ಸಲ ಟ್ರಿಲಿಯನ್ ಲೆಕ್ಕದ ಅಂಕಿ ಟಿವಿ ಪರದೆ ಮೇಲೆ ಬಂದಾಗ ನೀವು ಮೂರು ಪ್ರಶ್ನೆ ಕೇಳಿ. ಬಾವಿಯನ್ನ ಎಷ್ಟು ದಿನ ಹರಿಸಿ ಪರೀಕ್ಷೆ ಮಾಡಿದ್ರು? ಕಂಪನಿಗೂ ಸರ್ಕಾರಕ್ಕೂ ಸಂಬಂಧ ಇಲ್ಲದ ಯಾರು ಆ ಅಂಕಿಗೆ ಸಹಿ ಹಾಕಿದ್ದಾರೆ? ಆ ಅಂಕಿ ನಂಬಿ ಈಗಾಗಲೇ ಯಾವ ಬ್ಯಾಂಕು ಸಾಲ ಕೊಟ್ಟಿದೆ?